ಹಾವಸೆಗೆ ಗಂಡು ನೋಡಿದ್ದು

ಹಾವಸೆ ಯಾರ ತಂಟೆಗೂ ಹೋಗುವ ಜೀವವಲ್ಲ. ಅದಕ್ಕೆ ಬೇರಿಲ್ಲ, ಹೂವಿಲ್ಲ, ಊರು ಕೇರಿಯ ಹಂಗಿಲ್ಲ. ಕಲ್ಲೋ ಗೋಡೆಯೋ, ದೇವರು ಇಟ್ಟ ಕಡೆ ಇರುತ್ತದೆ. ತೇವ ಸಿಕ್ಕರೆ ಮೈಯೆಲ್ಲ ಬಾಯಾಗಿ ಕುಡಿಯುತ್ತದೆ, ಸಿಗದಿದ್ದರೆ ಮುದುಡಿಕೊಂಡು ಸುಮ್ಮನೆ ಕಾಯುತ್ತದೆ. ಹಾಗೆ ಕಾಯುವುದನ್ನು ಮನುಷ್ಯರಾದ ನಾವು ತಪಸ್ಸು ಎಂದು ಕರೆದು, ಅದಕ್ಕೊಂದು ಕಟ್ಟೆ ಕಟ್ಟಿ, ಕಟ್ಟೆಗೊಂದು ಸಮಿತಿ ಮಾಡುತ್ತೇವೆ. ಹಾವಸೆಗೆ ಸಮಿತಿ ಇರಲಿಲ್ಲ. ಅದಕ್ಕೂ ಒಂದು ಆಗುವುದರಲ್ಲಿದ್ದದ್ದು ಹೇಗೆ ಎಂಬುದೇ ಇಲ್ಲಿ ಹೇಳಬೇಕಾದ ಸಂಗತಿ.

ಶಾಹೀಸ್ತಾ ಸಿಂಧನೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಬಂದ ಅತಿಥಿಯನ್ನು ಇಷ್ಟು ವರ್ಷ ಬಾಗಿಲಲ್ಲೇ ನಿಲ್ಲಿಸಿಕೊಂಡ ಮನೆ ಬೇರೆಲ್ಲೂ ಇರಲಾರದು. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳ ಹಾವಸೆಗಳ ಮೇಲೆ ಅವಳು ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಿದ್ದಳು. ಗೊರೇಬಾಳದ ಕಾಲುವೆಯ ದಂಡೆ, ಹಟ್ಟಿ ಚಿನ್ನದ ಗಣಿಯ ಕಂಪನಿ ಮನೆಗಳ ಬಚ್ಚಲಗೋಡೆ, ಮಸ್ಕಿ ಗುಡ್ಡದ ಬಂಡೆಗಳ ಸಂದು, ಎಲ್ಲ ಕಡೆಯೂ ಕೊರಳಿಗೆ ಭೂತಗನ್ನಡಿ ಕಟ್ಟಿಕೊಂಡು ಮಂಡಿಯೂರಿ ಕುಳಿತವಳು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಡಚಿ ಪೊಟ್ಟಣ ಮಾಡಿ, ಒಂದೊಂದರಲ್ಲಿ ಒಂದೊಂದು ಚಿಟಿಕೆ ಹಾವಸೆ ಇಟ್ಟು, ಮೇಲೆ ಪೆನ್ಸಿಲ್ಲಿನಿಂದ ಊರು, ದಿನಾಂಕ ಬರೆದಿಡುತ್ತಿದ್ದಳು. ಅಂಥ ಪೊಟ್ಟಣ ಎಂಟುನೂರು ಆಗಿದ್ದವು. ಬಂಧುಬಳಗಕ್ಕೆ ಅವಳ ವಿದ್ಯೆಯ ಬಗ್ಗೆ ಗೌರವವಿತ್ತು. ಮಳೆಗಾಲ ಬಂತೆಂದರೆ ಫೋನು ಬರುತ್ತಿದ್ದವು.

"ಶಾಹೀಸ್ತಾ, ನಮ್ಮ ಬಾತ್‌ರೂಮು ಭಾಳ ಜಾರಾಕತ್ತೈತಿ. ನೀ ಅದನ್ನ ಕಲ್ತಾಕಿ, ಒಂದೀಟು ಬಂದು ನೋಡಿ ಹೋಗವಾ."

ಎಂಟುನೂರರಲ್ಲಿ ಒಂದು ಪೊಟ್ಟಣ ಮಾತ್ರ ಹೆಸರಿಲ್ಲದೆ ಉಳಿದಿತ್ತು. ಅದು ಅವಳ ತಾಯಿಯ ತವರಾದ ಸಂತೆಕಲ್ಲೂರಿನದು. ಅಲ್ಲಿಯ ಮಸೀದಿಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವ ಹಳೆಯ ಕಲ್ಲುಕಟ್ಟೆ ಇದೆ. ಸುತ್ತ ಜೋಳ, ತೊಗರಿ ಬೆಳೆಯುವ ಒಣನೆಲ. ಏಪ್ರಿಲ್ ತಿಂಗಳಲ್ಲಿ ಹಲ್ಲಿಗೂ ನೆರಳು ಸಿಗದ ಆ ಊರಿನಲ್ಲಿ, ದಿನಕ್ಕೆ ಐದು ಹೊತ್ತು ಕಾಲು ತೊಳೆದ ನೀರು ಹರಿಯುವ ಆ ಕಲ್ಲಿನ ಮೇಲೆ ಅಂಗೈಯಗಲ ಹಸಿರು ಮಖಮಲ್ಲಿನಂತೆ ಹಾವಸೆ ವರ್ಷವಿಡೀ ಜೀವ ಹಿಡಿದಿತ್ತು. ಎಲೆ ನೋಡಿದರೆ ನಾಲ್ಕಾರು ಜಾತಿಗಳಲ್ಲಿ ಯಾವುದಾದರೂ ಆಗಬಹುದಿತ್ತು. ಇಂಥದೇ ಎಂದು ಹೇಳಬೇಕಾದರೆ ಅದು ಕಾಯಿ ಕಟ್ಟಬೇಕು. ಹಾವಸೆಯ ಕಾಯಿ ಎಂದರೆ ಕೂದಲಿನಷ್ಟು ಸಣ್ಣ ಕಡ್ಡಿಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದೊಂದು ಗಿಂಡಿ. ಗಿಂಡಿ ಬಲಿತು ಮುಚ್ಚಳ ಬಿದ್ದರೆ ಬಾಯಿಯ ಸುತ್ತ ಹಲ್ಲು ಕಾಣುತ್ತವೆ. ಆ ಹಲ್ಲುಗಳನ್ನು ಎಣಿಸಿದರೆ ಹೆಸರು ಸಿಗುತ್ತದೆ. ಸಂತೆಕಲ್ಲೂರಿನ ಹಾವಸೆ ಆರು ವರ್ಷದಲ್ಲಿ ಒಂದೇ ಒಂದು ಕಾಯಿ ಕಟ್ಟಿರಲಿಲ್ಲ.

ಕಾರಣವನ್ನು ಶಾಹೀಸ್ತಾ ಸೂಕ್ಷ್ಮದರ್ಶಕದ ಕೆಳಗೆ ಕಂಡುಕೊಂಡಿದ್ದಳು. ಕಟ್ಟೆಯ ಮೇಲಿನದೆಲ್ಲ ಹೆಣ್ಣು. ಈ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಗಂಡು ಹತ್ತಿರವಿರಬೇಕು, ಇಬ್ಬರ ನಡುವೆ ಒಂದು ಹನಿ ನೀರಿರಬೇಕು, ಗಂಡಿನ ಬೀಜ ಆ ನೀರಿನಲ್ಲಿ ಈಜಿ ಹೋಗಬೇಕು. ಗಂಡು ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ.

"ಈ ಜನವರಿ ಮೂವತ್ತೊಂದು ಕಡೀದು. ಇನ್ನ ಅವಧಿ ಹೆಚ್ಚಿಸಾಂಗಿಲ್ಲ. ಹೆಸರಿಲ್ಲದ ಗಿಡ ಇಟ್ಟುಕೊಂಡು ಪ್ರಬಂಧ ತಂದ್ರ ನಾ ಸಹಿ ಮಾಡಾಂಗಿಲ್ಲ," ಎಂದು ಅವಳ ಮಾರ್ಗದರ್ಶಕರು ಹೇಳಿದ್ದರು. ಆರು ವರ್ಷದ ಕೆಲಸ ಆ ಅಂಗೈಯಗಲದ ಹಸಿರಿನ ಮೇಲೆ ನಿಂತಿತ್ತು.

ಆಗಸ್ಟ್‌ನ ಒಂದು ಬೆಳಿಗ್ಗೆ ಮಸ್ಕಿಯಲ್ಲಿ ಗಂಡು ಸಿಕ್ಕಿತು. ಊರ ಹೊರಗಿನ ಹಳೆಯ ಮಠದ ಬಾವಿಯ ನಾಲ್ಕನೆಯ ಮೆಟ್ಟಿಲಿನ ಸಂದಿನಲ್ಲಿ, ಅದೇ ಎಲೆ, ಅದೇ ಬಣ್ಣ. ಪ್ರತಿ ಟಿಸಿಲಿನ ತುದಿಯಲ್ಲೂ ಪುಟ್ಟ ಬಟ್ಟಲು. ಗಂಡು ಹಾವಸೆಯ ಗುರುತು ಆ ಬಟ್ಟಲು. ಶಾಹೀಸ್ತಾ ಮೆಟ್ಟಿಲ ಮೇಲೆಯೇ ಕುಳಿತು ಅತ್ತಳು. ಒಂದು ಚಿಟಿಕೆ ಕಿತ್ತುಕೊಂಡು ಬಂದಿದ್ದರೆ ಆಗಿತ್ತು. ಆದರೆ ಜಾಗದ ಯಜಮಾನರ ಒಪ್ಪಿಗೆಯ ಕಾಗದವಿಲ್ಲದೆ ಏನೂ ಕೀಳಬಾರದೆಂದು ವಿಶ್ವವಿದ್ಯಾಲಯದ ನಿಯಮ. ಅದಕ್ಕಿಂತ ಹೆಚ್ಚಾಗಿ, ಕೇಳದೆ ಕೀಳುವುದು ಅವಳ ಸ್ವಭಾವವೂ ಆಗಿರಲಿಲ್ಲ. ಕೇಳಲು ಹೋಗುವಾಗ ಜೊತೆಗೆ ತನ್ನ ನಾನಿಯನ್ನು, ಅಂದರೆ ತಾಯಿಯ ತಾಯಿ ಮಾಸುಂಬಿಯನ್ನು ಕರೆದುಕೊಂಡು ಹೋದಳು. ತಪ್ಪಿದ್ದು ಅಲ್ಲಿ.

ಮಾಸುಂಬಿಗೆ ಎಪ್ಪತ್ತೆಂಟು ವರ್ಷ. ನಲವತ್ತು ವರ್ಷದಲ್ಲಿ ಸಂತೆಕಲ್ಲೂರಿನ ಸುತ್ತ ಇನ್ನೂರು ಮದುವೆ ಕೂಡಿಸಿದ ಹೆಣ್ಣುಮಗಳು. ಶೇರ್ ಆಟೋದಲ್ಲಿ ಮಸ್ಕಿಯವರೆಗೆ ಮೊಮ್ಮಗಳು ಹೇಳಿದ ವಿಜ್ಞಾನವನ್ನೆಲ್ಲ ಕಣ್ಣು ಮುಚ್ಚಿ ಕೇಳಿ, ಕೊನೆಗೆ, "ಇಷ್ಟ ಅಲ್ಲೇನ್ ಬೇಟಿ? ನಮ್ಮ ಊರಾಗ ಹೆಣ್ಣೈತಿ, ಇವರ ಊರಾಗ ಗಂಡೈತಿ. ನೀ ಸುಮ್ಮಕಿರು, ನಾ ಮಾತಾಡ್ತೀನಿ," ಎಂದಳು.

ಮಠದ ಉಸ್ತುವಾರಿಯ ಕರಿಬಸಯ್ಯನವರು ಜಗುಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದರು. ಮಾಸುಂಬಿಯನ್ನು ಅವರು ಬಲ್ಲರು.

"ಬಾ ಮಾಸುಂಬಕ್ಕ. ಏನು ಈ ಕಡೆ?"

"ಗಂಡು ಕೇಳಾಕ ಬಂದೀನಿ ಅಯ್ನೋರ."

"ಮೊಮ್ಮಗಳಿಗೇನು?"

"ಇಕಿಗೆ ಇಕಿ ಮನಸ್ಸು ಬಂದಾಗ. ಈಗ ನಮ್ಮ ಮಸೂತಿ ಕಟ್ಟಿ ಮ್ಯಾಲೆ ಒಬ್ಬಾಕಿ ಅದಾಳ, ಹಾವಸಿ. ಭಾಳ ಪಾಪದಾಕಿ. ನಿಮ್ಮ ಬಾವ್ಯಾಗ ಒಬ್ಬ ಅದಾನ. ಜೋಡಿ ಮಾಡಿದ್ರ ಆಕಿ ಹೊಟ್ಟಿ ತಣ್ಣಗಾಕೈತಿ."

ಶಾಹೀಸ್ತಾ ನಾಚಿಕೆಯಿಂದ ಕುಗ್ಗಿ ವಿಷಯವನ್ನು ಸರಿಪಡಿಸಿ ಹೇಳಿದಳು. ಕರಿಬಸಯ್ಯನವರು ಭೂತಗನ್ನಡಿ ಇಸಿದುಕೊಂಡು ಮೆಟ್ಟಿಲಿಳಿದು ತಮ್ಮ ಬಾವಿಯ ಗಂಡನ್ನು ನೋಡಿದರು. ಎಪ್ಪತ್ತು ವರ್ಷ ತಾವು ತುಳಿದು ಜಾರಿದ್ದ ವಸ್ತುವಿನಲ್ಲಿ ಶಿವನು ಇಷ್ಟು ಕುಸುರಿ ಮಾಡಿಟ್ಟಿದ್ದಾನೆಂದು ಅವರ ಕಣ್ಣು ತೇವವಾದವು. ಮೇಲೆ ಬಂದು, "ಸಂತೋಷ. ಯಾವಾಗ ಕಳಿಸ್ತೀರಿ ಹೆಣ್ಣಿನ್ನ?" ಎಂದರು.

"ಹೆಣ್ಣಲ್ರಿ ಅಜ್ಜಾರ, ಗಂಡನ್ನ ನಾವು ಒಯ್ತೀವಿ," ಎಂದಳು ಶಾಹೀಸ್ತಾ.

ಕರಿಬಸಯ್ಯನವರ ಮುಖ ಬದಲಾಯಿತು.

"ಮನಿಅಳಿಯ ಮಾಡ್ಕೊಂತೀರೇನು?"

"ಅಜ್ಜಾರ, ಕಾಯಿ ಕಟ್ಟಾಕಿ ಆಕಿ. ಆಕಿಗೆ ದಿನಾ ಐದು ಸಲ ನೀರು ಬೇಕು. ನಿಮ್ಮ ಬಾವ್ಯಾಗ ದೀಪಾವಳಿ ಹೊತ್ತಿಗೆ ನೀರು ತಳ ಕಾಣ್ತಾವ."

"ಅಂದ್ರ ನಮ್ಮ ಮನ್ಯಾಗ ನೀರಿಲ್ಲ, ಹೆಣ್ಣು ಕೊಡಾಂಗಿಲ್ಲ, ಹಂಗೇನು?"

"ಹಂಗಲ್ರಿ..."

"ಏಳು ತಲಿಯಾತವ್ವ, ಈ ಮಠದಿಂದ ಒಬ್ಬ ಗಂಡಸು ಮನಿಅಳಿಯ ಅಂತ ಹೊಸ್ತಿಲ ದಾಟಿಲ್ಲ. ನಾ ಇರೂತನಕ ಹಾವಸಿನೂ ದಾಟಾಂಗಿಲ್ಲ. ನೀವು ಹೆಣ್ಣು ತರ್ರಿ. ದಿನಾ ಹತ್ತು ಕೊಡ ನೀರು ನಾನ ಹಾಕ್ತೀನಿ."

ಮಾಸುಂಬಿ ಮೊಮ್ಮಗಳ ಮೊಣಕೈ ತಿವಿದಳು. "ಮಾತು ಖರೇ ಐತಿ ಬೇಟಿ. ವರನ ಕಡ್ಯಾರು ಮತ್ತೇನ್ ಅಂತಾರ?"

ಈ ಸುದ್ದಿ ಸಂತೆಕಲ್ಲೂರಿಗೆ ಬಂದಾಗ ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿ ಯೂನುಸ ಚಾಚಾ ಕಟ್ಟೆಯ ಮೇಲೆ ಕುಳಿತು ತಸ್ಬೀಹ್ ಮಣಿ ಎಣಿಸುತ್ತಿದ್ದರು. ಅವರು ಒಳ್ಳೆಯವರು. ಕೇಳಿದ ಕೂಡಲೇ, "ಕೊಟ್ರಾತು. ಹೆಣ್ಣು ಅತ್ತಿಮನಿಗೆ ಹೋಗೂದು ದಸ್ತೂರೇ ಐತಲ್ಲ," ಎಂದರು. ಅಷ್ಟರಲ್ಲಿ ಒಂದು ಯೋಚನೆ ಬಂತು. "ಆದ್ರ ಅವರು ಬಂದು ಕೇಳಬೇಕು. ಗಂಡಿನ ಕಡ್ಯಾರು ಬರದ ನಾವು ಹೆಣ್ಣು ಹೊತ್ಗೊಂಡು ಹೋಗಿ ಅವರ ಬಾಗಲ ಬಡದ್ರ ಊರಾಗ ಮಾರಿ ತೋರಸೂದು ಹೆಂಗ?"

"ಚಾಚಾ, ಆಕೀನ್ನ ಕಲ್ಲಿನಿಂದ ಕಿತ್ತು ಒಯ್ದ್ರ ಸಾಯಬಹುದು," ಎಂದಳು ಶಾಹೀಸ್ತಾ.

"ಮತ್ತ ಅದನ್ನ ಹೇಳು. ನಾಜೂಕು ಹುಡುಗಿ ಐತಿ, ದೂರ ಕಳಸಾಂಗಿಲ್ಲ ಅಂತ ಹೇಳು."

ಅವಳು ಮತ್ತೆ ಮಸ್ಕಿಗೆ ಹೋದಳು, ಹೇಳಿದಳು. ಕರಿಬಸಯ್ಯನವರು, "ನಮ್ಮ ಮನಿ ದೂರಾಗಾಕ ಇದೇನ್ ದಿಲ್ಲಿಯೇನು? ಬಸ್ಸಿನ್ಯಾಗ ಎಷ್ಟೊತ್ತಿನ ಹಾದಿ?" ಎಂದರು. ಅವಳು ಮತ್ತೆ ಸಂತೆಕಲ್ಲೂರಿಗೆ ಹೋದಳು. ಹೀಗೆ ಮೂರು ವಾರ ಆ ದಾರಿಯಲ್ಲಿ ಬಸ್ಸು ಹತ್ತಿ ಇಳಿದಳು. ಇಷ್ಟರಲ್ಲೂ ಒಂದು ಸಲವಾದರೂ ಅವರು ಬೇರೆ ಧರ್ಮದವರು ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಅದು ಅವರಿಗೆ ಹೊಳೆಯಲೇ ಇಲ್ಲ. ಮನೆಅಳಿಯತನ ಎಂಬ ಅಷ್ಟು ದೊಡ್ಡ ವಿಷಯ ಎದುರಿಗಿರುವಾಗ ಅಂಥ ಸಣ್ಣದು ಹೊಳೆಯುವುದಾದರೂ ಹೇಗೆ?

ಅದು ಹೊಳೆದದ್ದು ಇಶ್ತಿಯಾಕ್‌ಗೆ. ಸಿಂಧನೂರಿನಲ್ಲಿ ಮೊಬೈಲ್ ಹಿಡಿದು ಯೂಟ್ಯೂಬ್ ಸುದ್ದಿವಾಹಿನಿ ನಡೆಸುವ ಅವನು ಶಾಹೀಸ್ತಾಳ ಚಿಕ್ಕಪ್ಪನ ಮಗ. ಮಠದ ಜಗುಲಿಗೆ ಹೋಗಿ ಮೈಕು ಹಿಡಿದ.

"ಅಜ್ಜಾರ, ಬ್ಯಾರೆ ಧರ್ಮದ ಹೆಣ್ಣು ಅಂತ ನಿಮ್ಮ ವಿರೋಧ ಐತೇನ್ರಿ?"

"ಧರ್ಮ ಎಲ್ಲಿಂದ ಬಂತಲೇ? ಹಾವಸಿ ಎಲ್ಲಿ ನಮಾಜು ಮಾಡ್ತೈತಿ, ಎಲ್ಲಿ ಲಿಂಗ ಕಟ್ಕೊಂತೈತಿ? ಇದು ಮನಿಅಳಿಯನ ಪ್ರಶ್ನಿ."

"ಆದ್ರೂ ಮನಸ್ಸಿನ್ಯಾಗ ಒಂದೀಟು ಬ್ಯಾಸರ...?"

"ಬ್ಯಾಸರ ಈಗ ಬರಾಕತ್ತೈತಿ, ನಿನ್ನ ನೋಡಿ."

ಇಶ್ತಿಯಾಕ್ ಕೊನೆಯ ಮಾತಿನಲ್ಲಿ "ಬ್ಯಾಸರ ಈಗ ಬರಾಕತ್ತೈತಿ" ಎಂಬಷ್ಟನ್ನು ಉಳಿಸಿಕೊಂಡು, ಹಿಂದೆ ತಮಟೆಯ ಸದ್ದು ಸೇರಿಸಿ, "ಹಾವಸೆ ವಿವಾಹ: ಎರಡು ಊರುಗಳ ನಡುವೆ ಬಿಗುವಿನ ವಾತಾವರಣ" ಎಂದು ಹಾಕಿದ. ಸಂಜೆಯ ಹೊತ್ತಿಗೆ ಅರವತ್ತು ಸಾವಿರ ಜನ ನೋಡಿದರು. ಅವರಲ್ಲಿ ಆ ಎರಡು ಊರಿನವರು ಯಾರೂ ಇರಲಿಲ್ಲ. ಅವರು ತೊಗರಿಗೆ ಔಷಧ ಹೊಡೆಯುತ್ತಿದ್ದರು.

ಲಿಂಗಸುಗೂರಿನ ಒಂದು ಬಾಡಿಗೆ ಕಟ್ಟಡದಲ್ಲಿ 'ಇತರೆ ವಿಷಯಗಳ ಕಚೇರಿ' ಎಂಬುದೊಂದಿತ್ತು. ಬೇರೆ ಯಾವ ಇಲಾಖೆಗೂ ಬೇಡವಾದದ್ದು ಅಲ್ಲಿಗೆ ಬರಬೇಕು ಎಂದು ಅದನ್ನು ತೆರೆದಿದ್ದರು. ಎರಡು ವರ್ಷದಿಂದ ಒಂದು ವಿಷಯವೂ ಬಂದಿರಲಿಲ್ಲ. ಅದರ ಅಧಿಕಾರಿ ಗಂಗಾಧರ ಸಾಹೇಬರು ಬೆಳಿಗ್ಗೆ ಹತ್ತಕ್ಕೆ ಬಂದು, ಗಾಂಧೀಜಿಯ ಪಟಕ್ಕೆ ಕೈಮುಗಿದು, ಸಂಜೆಯವರೆಗೆ ವಿಷಯಕ್ಕಾಗಿ ಕಾಯುತ್ತಿದ್ದರು. ಇಶ್ತಿಯಾಕ್‌ನ ವಿಡಿಯೊ ನೋಡಿದಾಗ ಅವರಿಗೆ ದೇವರು ಕಣ್ಣು ತೆರೆದಂತಾಯಿತು. ಮರುದಿನವೇ ಶಾಂತಿಸಭೆ ಕರೆದರು. ಬ್ಯಾನರು ಬರೆಸಿದರು. ಇಬ್ಬರು ಪೊಲೀಸರನ್ನು ಬಾಗಿಲಿಗೆ ನಿಲ್ಲಿಸಿದರು.

ಕರಿಬಸಯ್ಯನವರೂ ಯೂನುಸ ಚಾಚಾನೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಶೇಂಗಾ ತಿನ್ನುತ್ತ ಬಂದರು. ಸಾಹೇಬರು ಇಬ್ಬರನ್ನೂ ಮೇಜಿನ ಎರಡು ತುದಿಗೆ ಕೂಡಿಸಿ ನಡುವೆ ಪೊಲೀಸರನ್ನು ಕೂಡಿಸಿದರು.

"ಮೊದಲು ಹೇಳ್ರಿ, ನಿಮ್ಮಿಬ್ಬರ ನಡುವೆ ಜಗಳ ಐತಲ್ಲ?"

"ಇಲ್ಲ್ರಿ," ಎಂದರು ಯೂನುಸ ಚಾಚಾ.

"ಜಗಳ ಎಲ್ಲೈತಿ? ಮಾತುಕತಿ ನಡದೈತಿ," ಎಂದರು ಕರಿಬಸಯ್ಯನವರು.

ಸಾಹೇಬರ ಮುಖ ಬಾಡಿತು. "ಒಂದೀಟೂ ಇಲ್ಲೇನ್ರಿ? ಹಂಗಾದ್ರ ನಾ ಶಾಂತಿ ಹೆಂಗ ಮಾಡ್ಲಿ?"

ಅವರ ಸಂಕಟ ನೋಡಲಾರದೆ ಯೂನುಸ ಚಾಚಾ, "ಯಾರು ಯಾರ ಮನಿಗೆ ಹೋಗಬೇಕು ಅನ್ನೂದು ಒಂದು ಬಗಿಹರೀವಲ್ದು ಸಾಬ್," ಎಂದರು. ಸಾಹೇಬರು ಅದನ್ನೇ ಹಿಡಿದುಕೊಂಡರು. ಒಂದು ತಾಸು ಯೋಚಿಸಿ ಆದೇಶ ಬರೆಸಿದರು. ಎರಡೂ ಕಡೆಯ ಹಾವಸೆಯಿಂದ ಒಂದೊಂದು ಹಿಡಿಯನ್ನು ಕಚೇರಿಯ ವಶಕ್ಕೆ ಪಡೆಯತಕ್ಕದ್ದು. ಮುಂದಿನ ಆದೇಶದವರೆಗೆ ಬಾವಿಯನ್ನಾಗಲಿ ಕಟ್ಟೆಯನ್ನಾಗಲಿ ಯಾರೂ ಕೆರೆಯತಕ್ಕದ್ದಲ್ಲ.

ಹಿರಿಯರಿಬ್ಬರೂ ಒಪ್ಪಿದರು. ಸರ್ಕಾರದ ಮನೆಯೆಂದರೆ ಯಾರ ಮನೆಯೂ ಅಲ್ಲ, ಅಲ್ಲಿ ಹೋದರೆ ಯಾರ ಮಾನವೂ ಹೋಗುವುದಿಲ್ಲ. ಪಂಚನಾಮೆಯಾಯಿತು. "ಗಂಡು ಎನ್ನಲಾದ ಹಸಿರು ವಸ್ತು, ಒಂದು ಹಿಡಿ. ಹೆಣ್ಣು ಎನ್ನಲಾದ ಹಸಿರು ವಸ್ತು, ಒಂದು ಹಿಡಿ. ಎರಡನ್ನೂ ಪರಸ್ಪರ ಸಂಪರ್ಕವಾಗದಂತೆ ಬೀರುವಿನ ಬೇರೆ ಬೇರೆ ಖಾನೆಯಲ್ಲಿ ಇಡಲಾಗಿದೆ." ಕಾದ ಅರಗನ್ನು ತಂದು ಪೊಟ್ಟಣಕ್ಕೆ ಸುರಿಯುವಾಗ ಶಾಹೀಸ್ತಾ ಅಡ್ಡ ಬಂದಳು.

"ಸರ್, ಸುಟ್ಟು ಹೋಗ್ತಾವ! ಮತ್ತ ಸಂಪರ್ಕ ಆಗಲೇಬೇಕ್ರಿ. ಅದರ ಸಲುವಾಗೇ ಇದೆಲ್ಲ."

"ಅದೇ ವಿವಾದದ ವಿಷಯ, ಮೇಡಂ," ಎಂದು ಸಾಹೇಬರು ಮೃದುವಾಗಿ ಹೇಳಿದರು.

ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು. ಶಾಹೀಸ್ತಾ ನಾಲ್ಕು ಅರ್ಜಿ ಕೊಟ್ಟಳು. ಮೂರಕ್ಕೆ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ನಾಲ್ಕನೆಯದಕ್ಕೆ ಬಂದ ಉತ್ತರ ಉದ್ದವಿತ್ತು: "ಸದರಿ ವಸ್ತುವಿನ ಪೂರ್ಣ ವೈಜ್ಞಾನಿಕ ಹೆಸರನ್ನು ದೃಢೀಕರಿಸಿ ಸಲ್ಲಿಸಿದಲ್ಲಿ ಬಿಡುಗಡೆಯ ಬಗ್ಗೆ ಕ್ರಮ ವಹಿಸಲಾಗುವುದು." ಹೆಸರು ಗೊತ್ತಾಗಲೆಂದೇ ಅದನ್ನು ಬಿಡಿಸಬೇಕಾಗಿತ್ತು. ಅವಳು ಆ ಕಾಗದವನ್ನು ಮಡಚಿದಳು. ಕೈಗೆ ರೂಢಿಯಾಗಿ ಹೋಗಿದ್ದರಿಂದ ಅದೂ ಒಂದು ಪೊಟ್ಟಣವಾಯಿತು. ಒಳಗೆ ಇಡಲು ಏನೂ ಇರಲಿಲ್ಲ.

ಅಂಥ ದಿನಗಳಲ್ಲಿ ಮನುಷ್ಯ ದೇವರ ಮೇಲೆ ಸಿಟ್ಟಾಗುವುದು ಸಹಜ. ಶಾಹೀಸ್ತಾಳೂ ಆದಳು. ಮಾಸುಂಬಿ ಮಾತ್ರ ಹತ್ತಿರ ಕುಳಿತು, "ಕೂಡಸೂದು ಆತನ ಕೆಲಸ ಬೇಟಿ. ನಾವು ಇನ್ನೂರು ಮದಿವಿ ಮಾಡೀವಿ ಅಂತೀವಿ. ನಾ ಮಾಡಿದ್ದು ಚಾ ಕುಡದದ್ದು ಅಷ್ಟ," ಎನ್ನುತ್ತಿದ್ದಳು.

ಡಿಸೆಂಬರ್ ಹತ್ತರಂದು ಶಾಹೀಸ್ತಾ ಐದನೆಯ ಅರ್ಜಿ ಹಿಡಿದುಕೊಂಡು ಲಿಂಗಸುಗೂರಿಗೆ ಹೋದಳು. ಸಾಹೇಬರು 'ಸಸ್ಯ ಸೌಹಾರ್ದ' ಎಂಬ ವಿಷಯದ ಮೇಲೆ ಭಾಷಣ ಮಾಡಲು ಎಲ್ಲಿಗೋ ಹೋಗಿದ್ದರು. ಕಚೇರಿಯಲ್ಲಿ ಇದ್ದವಳು ಜವಾನಿ ಗದ್ದೆಮ್ಮ ಒಬ್ಬಳೇ. ಐವತ್ತರ ಹೆಂಗಸು, ಕಸಬರಿಗೆ ಹಿಡಿದೇ ಮಾತಾಡುವವಳು.

"ಸಾಹೇಬ್ರಿಲ್ಲವ್ವ. ಅರ್ಜಿ ಅಲ್ಲಿಡು, ಹೋದ ಸಲದ್ದರ ಮ್ಯಾಲೆ."

"ಗದ್ದೆಮ್ಮಕ್ಕ, ಆ ಬೀರು ಒಂದು ಸಲ ತೆಗೀರಿ. ನಾ ಮುಟ್ಟಾಂಗಿಲ್ಲ, ಬರೇ ನೋಡ್ತೀನಿ."

"ಬೀರುದಾಗ ಏನೈತಿ? ಬ್ಯಾನರು ಅದಾವ."

"ಹಾವಸಿ?"

"ಅದಾ? ಅದನ್ನ ತೆಗೆದು ಎಷ್ಟ ದಿನಾತು. ಶಾಂತಿಸಭಿ ಬ್ಯಾನರು ಇಡಾಕ ಜಾಗ ಸಾಲಲಿಲ್ಲ, ತೆಗಿ ಅಂದ್ರು. ತೆಗದೆ. ಒಣಗಿ ಹೊಗಿಸೊಪ್ಪು ಆದಂಗ ಆಗಿದ್ವು. ಪಾಪ ಅನಿಸ್ತು."

ಶಾಹೀಸ್ತಾ ಕಸದ ಬುಟ್ಟಿಯತ್ತ ತಿರುಗಿದಳು. "ಎಲ್ಲಿ ಒಗದ್ರಿ?"

"ಯಾಕ ಒಗೀಲಿ? ಸಹಿ ಶಿಕ್ಕಾ ಬಿದ್ದ ವಸ್ತು, ಒಗದ್ರ ನನ್ನ ನೌಕರಿ ಹೊಕ್ಕೈತಿ. ಬಾ ಹಿಂದ."

ಕಚೇರಿಯ ಹಿಂದೆ ನಳವೊಂದಿತ್ತು. ಅದು ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ನೆಲ ರಾಡಿಯಾಗಬಾರದೆಂದು ಗದ್ದೆಮ್ಮ ಅದರ ಕೆಳಗೆ ಚಹಾದ ಹಳೆಯ ಟ್ರೇ ಇಟ್ಟಿದ್ದಳು. ಹನಿ ಸಿಡಿಯಬಾರದೆಂದು ಟ್ರೇಯಲ್ಲಿ ಒಂದಿಷ್ಟು ಮರಳು, ಇಟ್ಟಿಗೆಚೂರು ಹಾಕಿದ್ದಳು. ಅದರ ಮೇಲೆ ಗಂಡು ಎನ್ನಲಾದದ್ದೂ ಹೆಣ್ಣು ಎನ್ನಲಾದದ್ದೂ ಒಂದಕ್ಕೊಂದು ಒತ್ತಿಕೊಂಡು, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ತಿಳಿಯದಂತೆ ಹಸಿರಾಗಿ ಹಬ್ಬಿದ್ದವು.

"ಎರಡೂ ಒಂದರಾಗ ಇಟ್ಟೀರಿ..."

"ಮತ್ತ ಎರಡು ಟ್ರೇ ಎಲ್ಲಿಂದ ತರ್ಲಿ? ಇದ್ದದ್ದು ಒಂದ. ಹಂಗ ನೋಡಿದ್ರ ಜಗಳ ಏನ್ ಮಾಡಿಲ್ಲವ್ವ, ಸುಮ್ಮಕ ಅದಾವ."

ಶಾಹೀಸ್ತಾ ಮಂಡಿಯೂರಿ ಭೂತಗನ್ನಡಿ ಹಿಡಿದಳು. ಹಸಿರಿನ ನಡುವಿನಿಂದ ಕೂದಲಿನಂಥ ಕೆಂಪು ಕಡ್ಡಿಗಳು ಎದ್ದಿದ್ದವು. ಒಂದು, ಎರಡು, ಹನ್ನೊಂದು. ಪ್ರತಿಯೊಂದರ ತಲೆಯ ಮೇಲೆ ಎಳೆಯ ಗಿಂಡಿ. ಪ್ರತಿ ಗಿಂಡಿಯ ಮೇಲೆ ಚೂಪು ತುದಿಯ ಪುಟ್ಟ ಟೊಪ್ಪಿಗೆ.

ಮರುದಿನ ಹಿರಿಯರು ಬಂದರು. ಮಾಸುಂಬಿಯೂ ಬಂದಳು. ಇಶ್ತಿಯಾಕ್ ಯಾರೂ ಕರೆಯದೆ ಬಂದ. ಯೂನುಸ ಚಾಚಾ ಮೊದಲು ನೋಡಿದರು.

"ಸುಭಾನಲ್ಲಾ! ಟೋಪಿ ಹಾಕ್ಕೊಂಡೈತಿ! ನಮ್ಮ ಪೈಕಿ ಆತಿದು."

ಕರಿಬಸಯ್ಯನವರು ಭೂತಗನ್ನಡಿ ಕಸಿದುಕೊಂಡರು. "ಎಲ್ಲಿ ಟೋಪಿ? ಕಣ್ಣು ಬಿಟ್ಟು ನೋಡ್ರಿ ಯೂನುಸ ಸಾಹೇಬ್ರ, ಅದು ಕುಲಾವಿ. ತಾಯಿ ಕಡ್ಯಾರಿಗೆ ಎಲ್ಲಾ ಟೋಪಿನ ಕಾಣ್ತಾವ."

"ಹುಟ್ಟಿದ ಕೂಸು ಯಾರದರ ಇರ್ಲಿ, ಕುಲಾವಿ ಹಾಕ್ತಾರ," ಎಂದಳು ಗದ್ದೆಮ್ಮ. "ದೂರ ಸರೀರಿ, ನೆರಳು ಬೀಳ್ತೈತಿ."

ಶಾಹೀಸ್ತಾ ನಕ್ಕಳು, ಆದರೆ ಅವಳ ಎದೆಯಲ್ಲಿ ಅಳುಕು ಹೋಗಿರಲಿಲ್ಲ. ಗಿಂಡಿಗಳು ಇನ್ನೂ ಹಸಿ. ಹಲ್ಲು ಬಲಿತು ಕಾಣಬೇಕಾದರೆ ಇನ್ನೂ ಒಂದು ತಿಂಗಳು ಈ ಹನಿ ಹೀಗೆಯೇ ಬೀಳಬೇಕು. ಈಗ ಒಣಗಿದರೆ ಒಳಗೆ ಹಲ್ಲೇ ಮೂಡುವುದಿಲ್ಲ. ಇನ್ನೊಂದು ಮಳೆಗಾಲಕ್ಕೆ ಅವಳಲ್ಲಿ ಕಾಲವಿರಲಿಲ್ಲ.

ಅಷ್ಟರಲ್ಲಿ ಗಂಗಾಧರ ಸಾಹೇಬರು ಬಂದರು. ತಮ್ಮ ಆದೇಶದ ಫಲ ಕಂಡು ಪುಳಕಿತರಾದರು. "ಸೌಹಾರ್ದ ಅಂದ್ರ ಇದು! ಇದನ್ನ ಗಾಜಿನ ಪೆಟ್ಟಿಗಿಯೊಳಗ ಇಟ್ಟು ಮುಂದಿನ ಬಾಗಲದಾಗ ಇಡಬೇಕು," ಎಂದರು. ಆಗ ಇಶ್ತಿಯಾಕ್‌ನ ಮೊಬೈಲು ತಮ್ಮತ್ತ ಅಲ್ಲ, ನಳದತ್ತ ತಿರುಗಿದ್ದು ಕಣ್ಣಿಗೆ ಬಿತ್ತು. ಅರ್ಧ ಊರಿಗೆ ನೀರಿಲ್ಲದಾಗ ಸರ್ಕಾರಿ ನಳ ಸೋರುವ ಚಿತ್ರ ಅರವತ್ತು ಸಾವಿರ ಜನ ನೋಡಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಗದ್ದೆಮ್ಮ, ಇದನ್ಯಾಕ ಹಿಂಗ ಬಿಟ್ಟೀರಿ? ಈಗಿಂದೀಗ ನಳ ರಿಪೇರಿ ಆಗಬೇಕು."

"ಸರ್, ಒಂದು ತಿಂಗಳು ಬ್ಯಾಡ್ರಿ," ಎಂದು ಶಾಹೀಸ್ತಾ ಎದ್ದು ನಿಂತಳು. "ಈ ಹನಿ ನಿಂತ್ರ ಎಲ್ಲಾ ಹಸೀದ ಒಣಗ್ತಾವ. ನನ್ನ ಆರು ವರ್ಷ ಹೊಕ್ಕಾವ ಸರ್."

"ಮೇಡಂ, ಗಾಜಿನ ಪೆಟ್ಟಿಗಿಯೊಳಗ ನಾವು ಸ್ಪ್ರೇ ಮಾಡಸ್ತೀವಿ."

"ಯಾರು ಮಾಡ್ತಾರ?"

"ಅದಕ್ಕೊಂದು ಸಮಿತಿ ಮಾಡೂಣು."

ಸಮಿತಿ ಮೊದಲ ಸಭೆ ಸೇರುವುದರೊಳಗೆ ಮರಳು ಒಣಗಿಹೋಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಕರಿಬಸಯ್ಯನವರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಏನೋ ಹೇಳಲು ಹೋದರು. ಯೂನುಸ ಚಾಚಾ ಅವರ ಕೈ ಹಿಡಿದರು. ಗದ್ದೆಮ್ಮ ಒಳಗೆ ಹೋಗಿ, ಕೆಂಪು ಬಟ್ಟೆಯ ರಟ್ಟಿನ ದುರಸ್ತಿ ಪುಸ್ತಕ ತಂದು ಸಾಹೇಬರ ಎದುರು ಹಿಡಿದಳು.

"ಏನಿದು?"

"ರಿಪೇರಿ ಮಾಡಸಬೇಕಂದ್ರ ಇದರಾಗ ಬರೀಬೇಕಲ್ರಿ. ಅದಕ್ಕ ತಂದೆ. ಹಿಂದಿನ ಪುಟದಾಗ 'ನಳ' ಅಂತ ಏನೋ ಐತ್ರಿ ಸಾಹೇಬ್ರ, ನನಗ ಅಷ್ಟು ಓದಾಕ ಬರಾಂಗಿಲ್ಲ."

ಅವಳಿಗೆ ಚೆನ್ನಾಗಿ ಓದಲು ಬರುತ್ತಿತ್ತು. ಸಾಹೇಬರು ಪುಟ ತಿರುವಿದರು. ಹೋದ ವರ್ಷದ ಮಾರ್ಚ್ ತಿಂಗಳಲ್ಲಿ, ನೀಲಿ ಶಾಯಿಯಲ್ಲಿ: "ಕಚೇರಿಯ ಹಿಂಬದಿಯ ನಳವನ್ನು ಸಂಪೂರ್ಣ ದುರಸ್ತಿಗೊಳಿಸಲಾಗಿದೆ. ಈಗ ಸೋರುವುದಿಲ್ಲ. ಸ್ವತಃ ಪರಿಶೀಲಿಸಿದ್ದೇನೆ." ಕೆಳಗೆ ಅವರದೇ ಸಹಿ. ತಾರೀಖೂ ಇತ್ತು.

ಟ್ರೇಯಲ್ಲಿ ಟಪ್ ಎಂದು ಒಂದು ಹನಿ ಬಿತ್ತು.

ಸಾಹೇಬರು ಪುಸ್ತಕ ಮುಚ್ಚಿದರು. ಗಂಟಲು ಸರಿಮಾಡಿಕೊಂಡರು.

"ಈ ನಳ ದುರಸ್ತಿ ಆಗೈತಿ," ಎಂದರು.

"ಹೌದ್ರಿ ಸಾಹೇಬ್ರ."

"ಆದ ನಳಾನ ಮತ್ತ ದುರಸ್ತಿ ಮಾಡಸಾಕ ಬರೂದಿಲ್ಲ. ಸೋರೂದಿಲ್ಲ ಇದು."

ಟಪ್.

"ಎಲ್ಲಿ ಸೋರ್ತೈತ್ರಿ," ಎಂದಳು ಗದ್ದೆಮ್ಮ.

"ತಮ್ಮಾ, ಮೊಬೈಲ್ ಕಿಸೆದಾಗ ಇಡು," ಎಂದು ಸಾಹೇಬರು ಇಶ್ತಿಯಾಕ್‌ಗೆ ಹೇಳಿದರು. "ಇಲ್ಲದ್ದನ್ನ ಏನು ಶೂಟ್ ಮಾಡ್ತಿ?"

ಇಶ್ತಿಯಾಕ್ ಅಕ್ಕನ ಮುಖ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಅವನ ವಾಹಿನಿಯ ಚರಿತ್ರೆಯಲ್ಲೇ ಮೊದಲ ಸಲ, ಸಿಕ್ಕ ಸುದ್ದಿಯೊಂದನ್ನು ಅವನು ಕಿಸೆಗೆ ಹಾಕಿಕೊಂಡ.

ಹೀಗೆ ಕಾಗದದಲ್ಲಿ ಇಲ್ಲದ ಆ ಹನಿ ಇಡೀ ಮಾಗಿಯ ಚಳಿಯಲ್ಲಿ ಬೀಳುತ್ತಲೇ ಹೋಯಿತು. ದೇವರು ತನ್ನ ಕೆಲಸಕ್ಕೆ ಯಾರ ಸದ್ಗುಣವನ್ನೂ ಕಾಯುವುದಿಲ್ಲವೇನೋ. ಹತ್ತಿರ ಬಿದ್ದಿದ್ದನ್ನು ಕೈಗೆತ್ತಿಕೊಳ್ಳುತ್ತಾನೆ, ಅದು ಒಬ್ಬ ಸಾಹೇಬರ ಸುಳ್ಳು ಸಹಿಯಾದರೂ ಸರಿಯೆ.

ಜನವರಿ ಹತ್ತೊಂಬತ್ತರಂದು ಒಂದು ಗಿಂಡಿಯ ಟೊಪ್ಪಿಗೆ ಬಿತ್ತು, ಅದರ ಹಿಂದೆಯೇ ಮುಚ್ಚಳವೂ ಬಿತ್ತು. ಶಾಹೀಸ್ತಾ ಕಾಲೇಜಿನ ಹಳೆಯ ಸೂಕ್ಷ್ಮದರ್ಶಕವನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ನಳದ ಪಕ್ಕದ ಕಟ್ಟೆಯ ಮೇಲೆ ಅದನ್ನಿಟ್ಟು, ಉಸಿರು ಬಿಗಿಹಿಡಿದು ನೋಡಿದಳು. ಹಿಂದೆ ಇಬ್ಬರು ಹಿರಿಯರು ಕುರ್ಚಿಯಲ್ಲಿ ಕುಳಿತಿದ್ದರು. ಒಪ್ಪಿಗೆಯ ಕಾಗದಗಳಿಗೆ ಅವರು ಆಗಲೇ ಸಹಿ ಹಾಕಿಯಾಗಿತ್ತು. ಒಬ್ಬರು 'ವರನ ಕಡೆಯವರು' ಎಂದೂ ಇನ್ನೊಬ್ಬರು 'ವಧುವಿನ ಕಡೆಯವರು' ಎಂದೂ ಕೆಳಗೆ ಬರೆದದ್ದನ್ನು ವಿಶ್ವವಿದ್ಯಾಲಯ ಹೇಗೆ ತೆಗೆದುಕೊಂಡಿತೋ ತಿಳಿಯದು.

"ಹದಿನಾರು," ಎಂದಳು ಶಾಹೀಸ್ತಾ. ಮತ್ತೆ ಎಣಿಸಿದಳು. "ಹದಿನಾರು ಹಲ್ಲು. ಸುತ್ತಿಕೊಂಡಾವ." ಆಮೇಲೆ ಎರಡು ಪದದ ಒಂದು ಲ್ಯಾಟಿನ್ ಹೆಸರನ್ನು ನಿಧಾನವಾಗಿ ಹೇಳಿದಳು.

"ಹೊಸಾದೇನವಾ? ಜಗತ್ತಿನ್ಯಾಗ ಇನ್ನೆಲ್ಲೂ ಇಲ್ಲದ್ದು?" ಕರಿಬಸಯ್ಯನವರು ಮುಂದಕ್ಕೆ ಬಾಗಿದರು.

"ಅಲ್ಲ್ರಿ ಅಜ್ಜಾರ. ಎಲ್ಲಾ ಕಡೆ ಇರೂದ. ಹಸಿ ಗ್ವಾಡಿ ಇದ್ದಲ್ಲೆಲ್ಲ ಬೆಳೀತೈತಿ."

ಆರು ವರ್ಷ, ಒಂದು ಶಾಂತಿಸಭೆ, ಇಬ್ಬರು ಪೊಲೀಸರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸಾಹೇಬರು ನಿಟ್ಟುಸಿರು ಬಿಟ್ಟು ಒಳಗೆ ಹೋದರು.

"ಎಲ್ಲಾ ಕಡೆ ಐತಿ ಅಂದ್ರ ದೊಡ್ಡ ಮನೆತನ ಆತಲ್ಲ," ಎಂದರು ಯೂನುಸ ಚಾಚಾ. "ನಾವು ಹೆಣ್ಣು ಕೊಟ್ಟದ್ದು ಸಣ್ಣ ಮನಿಗೆ ಅಲ್ಲ."

"ತಗೊಂಡಾವ್ರೂ ಸಣ್ಣವರಲ್ಲ," ಎಂದರು ಕರಿಬಸಯ್ಯನವರು.

ಶಾಹೀಸ್ತಾ ಅವರ ಮಾತು ಕೇಳುತ್ತಿರಲಿಲ್ಲ. ಪೆನ್ಸಿಲ್ ತೆಗೆದು ಪೊಟ್ಟಣದ ಮೇಲೆ ಆರು ವರ್ಷದಿಂದ ಖಾಲಿ ಇದ್ದ ಗೆರೆಯಲ್ಲಿ ಆ ಹೆಸರು ಬರೆಯುತ್ತಿದ್ದಳು. ಗದ್ದೆಮ್ಮ ಟ್ರೇಯನ್ನು ಎರಡು ಬೆರಳು ಆಚೆ ಸರಿಸಿ, ಹನಿ ಸರಿಯಾಗಿ ನಡುವೆ ಬೀಳುವಂತೆ ಮಾಡಿದಳು. ಮೂವತ್ತೊಂದಕ್ಕೆ ಇನ್ನೂ ಹನ್ನೆರಡು ದಿನ ಇತ್ತು.